ಸ್ಕೋರ್ ಹೇಳಬೇಡಿ

ಹಾಲೋವೆಲ್, ಇಂಡಿಯಾನಾ
ಮಾರ್ಚ್ 26, ಬುಧವಾರ, ಬೆಳಗಿನ ಆರು ಗಂಟೆ

ನನ್ನ ನಡೀನ್,

ಲಕೋಟೆಯ ಮೇಲೆ ನಿನ್ನ ಅಕ್ಕ ಡಾರ್ಲೀನ್ ಮನೆಯ ವಿಳಾಸ ಬರೆದಾಗಿದೆ. ಒಳಗೆ ಹಾಕಬೇಕಾದ ಕಾಗದಕ್ಕೆ ಇದು ನಾಲ್ಕನೆಯ ಪ್ರಯತ್ನ. ನಿನ್ನೆ ಫೋನಿನಲ್ಲಿ ಡಾರ್ಲೀನ್ ನನ್ನ ಮಾತನ್ನು ಅರ್ಧದಲ್ಲೇ ಕತ್ತರಿಸಿದಳು. "ನೋಡು ವರ್ಲಿನ್, ನೀನು ಬಾಯಿ ತೆಗೆದ್ರೆ ನಾಟಕ ಶುರುವಾಗತ್ತೆ. ಅವಳಿಗೆ ನಿನ್ನ ದನಿ ಬೇಡವಂತೆ. ಶುಕ್ರವಾರ ಏನಾಯ್ತು ಅಂತ ಬರೆದು ಕಳಿಸು. ಶನಿವಾರ ಅಪ್ಪನ ಅಂತ್ಯಕ್ರಿಯೇಲಿ ನೀನು ಅವಳ ಪಕ್ಕ ಕೂರ್ಬೇಕೋ ಬೇಡ್ವೋ ಅಂತ ಅದನ್ನ ಓದಿ ಹೇಳ್ತಾಳಂತೆ."

ಇಪ್ಪತ್ತಾರು ವರ್ಷ ಶಾಲೆಯ ಬ್ಯಾಸ್ಕೆಟ್‌ಬಾಲ್ ಒಳಾಂಗಣದಲ್ಲಿ ಮೈಕು ಹಿಡಿದು ಆಟಗಾರರ ಹೆಸರನ್ನು ತಗಡು ಛಾವಣಿ ಅದುರುವಂತೆ ಕೂಗಿದವನು ನಾನು. ಅಂಥವನಿಗೆ ಪೆನ್ನು ಕೊಟ್ಟು ಮೆಲ್ಲಗೆ ಮಾತಾಡು ಎಂದರೆ ಕೈಕಾಲು ಆಡುವುದಿಲ್ಲ. ಎರಡು ಸಾಲು ಬರೆಯುತ್ತೇನೆ, ಎದ್ದು ಕಿಟಕಿಯವರೆಗೆ ಹೋಗುತ್ತೇನೆ, ಕಾಫಿ ಬಗ್ಗಿಸಿಕೊಳ್ಳುತ್ತೇನೆ, ಕುಡಿಯದೆ ಇಡುತ್ತೇನೆ. ಟೀವಿಯಲ್ಲಿ ದನಿ ತೆಗೆದ ಚಿತ್ರಗಳು ಓಡುತ್ತಿವೆ. ಕಾಲೇಜು ಬ್ಯಾಸ್ಕೆಟ್‌ಬಾಲ್ ಟೂರ್ನಮೆಂಟಿನ ಅರವತ್ತನಾಲ್ಕರಲ್ಲಿ ಹದಿನಾರು ತಂಡ ಉಳಿದಿವೆ. ಯಾರು ಉಳಿದರು ಎಂದು ಕೇಳಿದರೆ ನನಗೆ ಗೊತ್ತಿಲ್ಲ. ಈ ಮಾತನ್ನು ನಾನು ಬರೆಯುತ್ತೇನೆಂದು ನೀನು ಎಂದಾದರೂ ಎಣಿಸಿದ್ದೆಯಾ?

ಈ ಮಾರ್ಚ್ ತಿಂಗಳ ಮೋಡಿಯೇ ಅಂಥದು. ಸಿನಿಮಾದಲ್ಲಿ ಕೊನೆಯ ಕ್ಷಣದಲ್ಲಿ ಎಸೆದ ಚೆಂಡು ಬುಟ್ಟಿಯೊಳಗೆ ಬಿದ್ದೇ ಬೀಳುತ್ತದೆ, ಕಹಳೆ ಮೊಳಗುತ್ತದೆ, ನಾಯಕನ ತಂದೆ ಕಣ್ಣೊರೆಸಿಕೊಳ್ಳುತ್ತಾನೆ. ನಿನ್ನ ಟೀವಿಯ ಹಾಡಿನ ಸ್ಪರ್ಧೆಯಲ್ಲೂ ಅಷ್ಟೇ, ಹಳ್ಳಿಗಾಡಿನ ಹುಡುಗಿಯೇ ಗೆಲ್ಲಬೇಕು. ಆದರೆ ನಿಜವಾದ ಆಟದಲ್ಲಿ ಚೆಂಡು ಬುಟ್ಟಿಯ ಬಳೆಯ ಸುತ್ತ ಎರಡು ಸುತ್ತು ಸುತ್ತಿ, ಒಳಗೆ ಇಣುಕಿ, ಹೊರಗೆ ಬೀಳುತ್ತದೆ. ಹತ್ತೊಂಬತ್ತು ವರ್ಷದ ಹುಡುಗ ಅಂಗಿಯನ್ನು ಬಾಯಿಗೆ ತುರುಕಿಕೊಂಡು ನೆಲದ ಮೇಲೆ ಕೂರುತ್ತಾನೆ. ಆ ಮುಖವನ್ನು ಯಾವ ನಟನೂ ಮಾಡಲಾರ. ಅದಕ್ಕಾಗಿಯೇ ನಾವು ನೋಡುವುದು.

ವಿಷಯಕ್ಕೆ ಬರುತ್ತೇನೆ.

ನಮ್ಮೂರ ಕಾಲೇಜು ಮೂವತ್ತೊಂದು ವರ್ಷದ ಮೇಲೆ ಟೂರ್ನಮೆಂಟಿಗೆ ಹೋಗಿತ್ತು. ಆಟ ಇದ್ದದ್ದು ಶುಕ್ರವಾರ ಮಧ್ಯಾಹ್ನ, ನಾನು ಬಸ್ ಡಿಪೋದಲ್ಲಿ ಶಾಲೆಯ ಬಸ್ಸಿನ ಬ್ರೇಕು ಬಿಚ್ಚಿಕೊಂಡು ಮಲಗಿರುವ ಹೊತ್ತು. ಡಿಪೋದ ಕಟ್ಟಳೆ ನಿನಗೆ ಗೊತ್ತು. ಎಲ್ಲರ ಮನೆಯಲ್ಲೂ ಆಟ ರೆಕಾರ್ಡ್ ಆಗುತ್ತಿರುತ್ತದೆ, ಎಲ್ಲರ ಫೋನೂ ಕೆಂಪು ಪೆಟ್ಟಿಗೆಯೊಳಗೆ ಹೋಗುತ್ತದೆ. ಸ್ಕೋರ್ ಬಾಯಿಬಿಟ್ಟವನು ಒಂದು ವಾರ ಅಷ್ಟೂ ಬಸ್ಸು ತೊಳೆಯಬೇಕು.

ನನ್ನ ಫೋನು ಪೆಟ್ಟಿಗೆಗೆ ಬೀಳುವಾಗ ಜೊತೆಗೆ ಕೆಲಸ ಮಾಡುವ ರಸ್ಟಿ ಕಿಚಾಯಿಸಿದ: "ಹೆಂಡ್ತಿಗೆ ಹೇಳಿ ಬಂದಿದೀಯೇನಯ್ಯಾ? ಇಲ್ಲಾಂದ್ರೆ ನಿನ್ನನ್ನೇ ಈ ಪೆಟ್ಗೇಲಿ ಹಾಕಿ ಬೀಗ ಜಡೀತಾಳೆ."

"ಉಪವಾಸದ ಶುಕ್ರವಾರ ಅಲ್ವಾ, ಅವಳು ಚರ್ಚ್ ಹಾಲಲ್ಲಿ ಊಟಕ್ಕೆ ಮೀನು ಕರೀತಿರ್ತಾಳೆ. ಸಂಜೆ ತನಕ ನನ್ನ ನೆನಪೇ ಇರಲ್ಲ ಬಿಡು," ಎಂದೆ. ಎಲ್ಲರೂ ನಕ್ಕರು.

ಮೂರೂವರೆಗೆ ಪಾಳಿ ಮುಗಿಯಿತು. ಪೆಟ್ರೋಲ್ ಬಂಕಿನಲ್ಲಿ ಕಡಲೆಕಾಯಿ ಕೊಳ್ಳುವಾಗಲೂ ಯಾರ ಮುಖವನ್ನೂ ನೋಡಲಿಲ್ಲ, ನಗುವಿನಲ್ಲೇ ಫಲಿತಾಂಶ ಗೊತ್ತಾಗಿಬಿಟ್ಟೀತೆಂದು. ಗಲ್ಲಾದ ಹುಡುಗಿ, "ಅಂಕಲ್, ನಾನು ಏನೂ ಹೇಳಿಲ್ಲ ಆಯ್ತಾ," ಎಂದಳು. ಮನೆಗೆ ಬಂದು ಪರದೆ ಎಳೆದು ನನ್ನ ಕುರ್ಚಿಯಲ್ಲಿ ಕೂತೆ. ಫೋನನ್ನು ಡಿಪೋದ ಪೆಟ್ಟಿಗೆಯಲ್ಲೇ ಮರೆತು ಬಂದಿದ್ದೆ.

ನಾನು ಆಟ ನೋಡುತ್ತ ಕೂತಿದ್ದಾಗ ಅತ್ತ ಕ್ರಾಸ್ಬಿಯ ಆರೈಕೆ ಮನೆಯಿಂದ ಡಾರ್ಲೀನ್ ನಿನಗೆ ಫೋನ್ ಮಾಡಿದಳು, ಅಪ್ಪನ ಉಸಿರು ಏರಿಳಿಯುತ್ತಿದೆ, ಬೇಗ ಬಾ ಎಂದು. ಆ ಸೋಮವಾರ ತಾನೆ ಕಣ್ಣಿನ ಶಸ್ತ್ರಚಿಕಿತ್ಸೆಯಾಗಿತ್ತು ನಿನಗೆ, ಕಾರು ಓಡಿಸುವಂತಿರಲಿಲ್ಲ. ನೀನು ನನಗೆ ಫೋನ್ ಮಾಡಿದೆ. ಏಳು ಸಲ. ಉಳಿದದ್ದನ್ನು ಚರ್ಚ್ ಹಾಲಿನಲ್ಲಿ ನಿನ್ನ ಜೊತೆ ಮೀನು ಕರಿಯುವ ಹೋಯ್ಟ್ ನನಗೆ ಹೇಳಿದ: "ನಾನು ಕರ್ಕೊಂಡ್ ಹೋಗ್ತೀನಮ್ಮಾ ಅಂದೆ. ಬೇಡ ಹೋಯ್ಟ್, ಮನೆ ಹತ್ತೇ ನಿಮಿಷ, ನನ್ನ ಗಂಡ ಬಂದೇ ಬರ್ತಾನೆ ಅಂದ್ಳು. ನಲವತ್ತು ನಿಮಿಷ ಆ ಬಾಗ್ಲಲ್ಲೇ ಕೋಟು ಹಾಕ್ಕೊಂಡು ನಿಂತಿದ್ಳು ಕಣಯ್ಯಾ." ಕೊನೆಗೆ ಹಿಟ್ಟು ಮೆತ್ತಿದ ಏಪ್ರನ್ನಿನಲ್ಲೇ ಅವನು ನಿನ್ನನ್ನು ಕರೆದುಕೊಂಡು ಹೋದ. ಹನ್ನೊಂದು ನಿಮಿಷ ತಡವಾಯಿತು.

ನಮ್ಮ ತಂಡ ಒಂದು ಅಂಕದಲ್ಲಿ ಸೋತಿತು. ಅರ್ಧ ಗಂಟೆ ಗೋಡೆ ನೋಡುತ್ತ ಕೂತಿದ್ದೆ. ಆಮೇಲೆ ಫೋನಿನ ನೆನಪಾಗಿ ಡಿಪೋಗೆ ಓಡಿದೆ. ಪೆಟ್ಟಿಗೆ ತೆರೆದರೆ ನಿನ್ನ ಹೆಸರು ಏಳು ಸಲ. ತಿರುಗಿ ಮಾಡಿದಾಗ ಎತ್ತಿದವನು ಹೋಯ್ಟ್. "ಕೋಚ್ ಹೋಗ್ಬಿಟ್ರು ಕಣಯ್ಯಾ. ನೀನೆಲ್ಲಿ ಹಾಳಾಗಿ ಹೋಗಿದ್ದೆ?" ಎಂದ.

ಊರಿಗೆಲ್ಲ ಅವರು ಕೋಚ್ ಆರ್ವಲ್. ನನಗೂ ಮಾವ ಎನ್ನುವುದಕ್ಕಿಂತ ಮೊದಲು ಕೋಚ್. ಶಾಲೆಯ ತಂಡದಲ್ಲಿ ಮೂರು ವರ್ಷ ನನ್ನನ್ನು ಆಡಿಸದೆ ಬೆಂಚಿನ ಮೇಲೆ ಕೂರಿಸಿ, ನಾಲ್ಕನೆಯ ವರ್ಷ, "ನಿನ್ನ ಕೈಗೆ ಚೆಂಡು ಕೊಡೋಕಾಗಲ್ಲ ಮಗನೇ, ಈ ಗಂಟಲು ಮಾತ್ರ ವೇಸ್ಟ್ ಮಾಡ್ಬೇಡ," ಎಂದು ಮೈಕು ಕೊಟ್ಟವರು. ಮಗಳನ್ನು ಕೇಳಲು ಹೋದ ದಿನ ತಲೆಯೆತ್ತದೆ, "ಅವಳ ಜೊತೆ ಮಾತಾಡುವಾಗ ಮೈಕು ಬೇಡ," ಎಂದರು, ಅಷ್ಟೇ. ಅವರು ಹೋಗುವ ಹಿಂದಿನ ಭಾನುವಾರ ನಾನು ನೋಡಲು ಹೋದಾಗ ಟೂರ್ನಮೆಂಟಿನ ಚಾರ್ಟು ಅವರ ಎದೆಯ ಮೇಲಿತ್ತು. ಪೆನ್ನು ಹಿಡಿಯುವ ಶಕ್ತಿಯಿರಲಿಲ್ಲ, ಗೆಲ್ಲುವ ತಂಡಗಳಿಗೆ ಬೆರಳು ತೋರಿಸಿದರು, ನಾನು ಗುರುತು ಹಾಕಿದೆ. ನಮ್ಮೂರಿನ ತಂಡಕ್ಕೆ ಬೆರಳು ತೋರಿಸಲಿಲ್ಲ. "ಪ್ರೀತಿ ಬೇರೆ, ಆಟ ಬೇರೆ ಕಣೋ," ಎಂದರು.

ಶನಿವಾರ ಶಾಲೆಯ ಅದೇ ಒಳಾಂಗಣದಲ್ಲಿ ಅವರ ಶವಪೆಟ್ಟಿಗೆಯನ್ನು ಅಂಗಳದ ನಡುವೆ ಇಡುತ್ತಾರಂತೆ. ಅವರ ಹಳೆಯ ಹುಡುಗರು, ಈಗ ಬೊಕ್ಕ ತಲೆಯವರು, ಎಲ್ಲ ಬರುತ್ತಾರೆ. ಹೆಸರುಗಳನ್ನು ಓದಲು ನನ್ನನ್ನು ಕೇಳಿದ್ದರು, ಆಗುವುದಿಲ್ಲ ಎಂದೆ. ಆ ಮರದ ನೆಲದ ಮೇಲೆ ನಿನ್ನ ಪಕ್ಕ ಬಾಯಿ ಮುಚ್ಚಿ ಕೂರುವುದೊಂದೇ ನನಗೆ ಬೇಕಾಗಿರುವುದು. ನೀನು ಮಾತಾಡಬೇಡ, ಕೈ ಕೊಡಬೇಡ. ಕೂತಿರುತ್ತೇನೆ. ಆಮೇಲೆ ನೀನು ಡಾರ್ಲೀನ್ ಮನೆಗೇ ಹೋಗುವುದಾದರೆ ನಿನ್ನ ಚಳಿಗಾಲದ ಬಟ್ಟೆಯನ್ನೂ ಕಣ್ಣಿನ ಹನಿಯ ಔಷಧಿಯನ್ನೂ ನಾನೇ ತಂದುಕೊಡುತ್ತೇನೆ.

ಫೋನು ಮರೆತದ್ದು ದೊಡ್ಡ ತಪ್ಪು. ಅದಕ್ಕೆ ಕ್ಷಮೆ ಕೇಳುತ್ತೇನೆ.

ಇಂತಿ ನಿನ್ನವನೆಂದು ಬರೆಯಲು ಇನ್ನೂ ಬಿಟ್ಟಿದ್ದೀಯೆಂದು ನಂಬಿ,
ವರ್ಲಿನ್

ಮ.ಬ.: ಲಕೋಟೆಗೆ ಅಂಟು ಹಚ್ಚಿ, ಅಂಚೆಪೆಟ್ಟಿಗೆಯವರೆಗೆ ಹೋಗಿ, ವಾಪಸು ಬಂದು ಹರಿದಿದ್ದೇನೆ. ಹೊಸ ಲಕೋಟೆ ಕಂಡು ನೀನು ಏನೇನೋ ಎಣಿಸಬೇಡ. ಡಿಪೋದಲ್ಲಿ ನಾನು ಏನನ್ನೂ ಮರೆತಿರಲಿಲ್ಲ. ಆಟ ನೋಡುವಾಗ ಫೋನು ನನ್ನ ತೊಡೆಯ ಮೇಲಿತ್ತು. ಹೋಯ್ಟ್ ಕೇಳಿದಾಗ ಆ ಸುಳ್ಳು ನನ್ನ ಬಾಯಿಂದ ತಾನಾಗಿ ಬಂತು, ಆಮೇಲೆ ಅದನ್ನೇ ಎಲ್ಲರಿಗೂ ಹೇಳಿದೆ, ಮೇಲೆ ನಿನಗೂ ಬರೆದೆ. ನಿನ್ನ ಹೆಸರು ಮೊದಲ ಸಲ ಕಂಡಾಗ ಫೋನನ್ನು ಬೋರಲು ಹಾಕಿದೆ. ಮೂರನೆಯ ಸಲಕ್ಕೆ ನನಗೆ ಗೊತ್ತಾಯಿತು, ಇದು ಕೋಚ್ ವಿಷಯ ಎಂದು. ಅವರು ಎರಡು ದಿನದಿಂದ ಏನೂ ತಿಂದಿಲ್ಲವೆಂದು ನೀನು ಬೆಳಿಗ್ಗೆಯೇ ಹೇಳಿದ್ದೆಯಲ್ಲ. ಆಟದ ಗಡಿಯಾರದಲ್ಲಿ ನಾಲ್ಕು ನಿಮಿಷ ಉಳಿದಿತ್ತು. ನಾಲ್ಕೇ ನಿಮಿಷ, ಮುಗಿದ ತಕ್ಷಣ ಹೊರಟೆ ಎಂದುಕೊಂಡೆ. ಕೊನೆಯ ನಾಲ್ಕು ನಿಮಿಷ ಎಷ್ಟು ಹೊತ್ತು ಎಳೆಯುತ್ತದೆಂದು ಕೋಚ್ ಮಗಳಿಗೆ ನಾನು ಹೇಳಬೇಕಾಗಿಲ್ಲ. ಫೌಲು, ಟೈಮ್‌ಔಟು, ಮತ್ತೆ ಫೌಲು. ಮುಂದಕ್ಕೆ ಓಡಿಸಿಬಿಟ್ಟರೆ ಸೋಲುತ್ತೇವೆಂಬ ಮೂಢನಂಬಿಕೆಯಿಂದ ಜಾಹೀರಾತನ್ನೂ ಓಡಿಸಲಿಲ್ಲ. ಇಪ್ಪತ್ತೆಂಟು ನಿಮಿಷವಾಯಿತು. ಆಮೇಲೆ ಗೋಡೆ ನೋಡುತ್ತ ಕೂತದ್ದು ಮಾತ್ರ ನಿಜ, ಅಷ್ಟು ಹೊತ್ತಿಗೆ ನಿನ್ನ ಕರೆಗಳು ನಿಂತಿದ್ದವು. ಆಟ ರೆಕಾರ್ಡ್ ಆಗಿತ್ತು ನಡೀನ್. ಒಂದು ಗುಂಡಿ ಒತ್ತಿದ್ದರೆ ಹತ್ತೂ ಹುಡುಗರು ಇದ್ದಲ್ಲೇ ನಿಂತು ನಾನು ಮರಳಿ ಬರುವವರೆಗೆ ಕಾಯುತ್ತಿದ್ದರು. ನಿನ್ನ ಅಪ್ಪನಿಂದ ಕಾಯಲು ಆಗುತ್ತಿರಲಿಲ್ಲ. ಗುಂಡಿ ಕೈಯಲ್ಲೇ ಇತ್ತು. ಶನಿವಾರ ನಾನು ಬಾಗಿಲ ಹತ್ತಿರ ನಿಂತಿರುತ್ತೇನೆ. ನೀನು ಕರೆಯದೆ ಒಳಗೆ ಬರುವುದಿಲ್ಲ.