ಕಾಫಿ ಡಬ್ಬಿಯ ಮಣ್ಣು

ಲಾರೆಲ್ ಕಣಿವೆ, ಕೆಂಟಕಿ
ಜೂನ್ ೩, ೨೦೧೪, ಮಂಗಳವಾರ

ನನ್ನ ಮುದ್ದಿನ ಸೋದರಸೊಸೆ ಟ್ವೈಲಾಳಿಗೆ, ಡೆಲ್ಮರ್ ಮಾಮನ ಆಶೀರ್ವಾದಗಳು.

ನನ್ನ ಕೈಬರಹ ಕಂಡು ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಅರವತ್ತೆಂಟು ತುಂಬಿದರೂ ನಿನ್ನ ಮಾಮ ಹುಲ್ಲಿನ ಪಿಂಡಿಯನ್ನು ಒಂದೇ ಕೈಯಲ್ಲಿ ಲಾರಿಗೆ ಎಸೆಯುತ್ತಾನೆ. ಈ ಕೌಂಟಿಯಲ್ಲಿ ನನ್ನಂಥ ಸ್ಟ್ರಾಬೆರಿ ಜ್ಯಾಮ್ ಮಾಡುವವನು ಇನ್ನೂ ಹುಟ್ಟಿಲ್ಲ. ಫೋನಿನಲ್ಲಾದರೆ ಏನಾದರೂ ತಮಾಷೆ ಹೇಳಿ ತಪ್ಪಿಸಿಕೊಂಡುಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮಮ್ಮನಿಗೆ ತೋರಿಸಬೇಡ.

ಕಲ್ಲಿದ್ದಲು ಗಣಿಯ ಫಲಕದ ವಿಷಯ. ಇತಿಹಾಸ ಸಂಘದವರೊಂದಿಗೆ ಚರ್ಚಿನ ಅಂಗಳದಲ್ಲಿ ಆಪಲ್ ಪೈ ಮಾರಿ ಮಾರಿ ದುಡ್ಡು ಕೂಡಿಸಿ ನೀನೇ ನಿಲ್ಲಿಸಿದ್ದು. ಸ್ಫೋಟದಲ್ಲಿ ಒಳಗೇ ಉಳಿದುಹೋದವರ ಹೆಸರುಗಳಿರುವ ಫಲಕ. ಬೆಂಕಿ ಆರಲಿಲ್ಲವೆಂದು ಅವರ ಸಮೇತ ಗಣಿಯ ಬಾಯಿ ಮುಚ್ಚಿದರಲ್ಲ, ಅದೇ ಜಾಗದಲ್ಲಿ ನೀನು ನೆಟ್ಟಿದ್ದೆ. ಅದು ರಸ್ತೆ ಬದಿಯ ನನ್ನ ಜ್ಯಾಮ್ ಅಂಗಡಿಯ ಮುಂದಕ್ಕೆ ಹೇಗೆ ಬಂತೆಂದು ಈಸ್ಟರ್ ಊಟದಲ್ಲಿ ನೀನು ಕೇಳಿದೆ. ರಸ್ತೆ ಅಗಲ ಮಾಡುವವರ ಕೆಲಸ ಎಂದೆ ನಾನು. ನಿಮ್ಮಮ್ಮ ಅವರಿಗೆ ಒಂದಿಷ್ಟು ಬೈದಳು, ನಾನೂ ಜೊತೆಗೂಡಿ ಬೈದೆ.

ತಂದವನು ನಾನು. ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಒಂದೇ ಎಳೆತಕ್ಕೆ ಕಿತ್ತೆ. ಬೇರೆಯವರಾಗಿದ್ದರೆ ಕಂಬ ಮುರಿಯುತ್ತಿತ್ತು. ಅಲ್ಲಿ ಹಳೇ ದಾರಿಯ ತುಂಬ ಮುಳ್ಳುಪೊದೆ, ಓದಲು ಒಬ್ಬರೂ ಹೋಗುತ್ತಿರಲಿಲ್ಲ. ಇಲ್ಲಿ ಜನ ಕಾರು ನಿಲ್ಲಿಸುತ್ತಾರೆ, ಓದಿ ಟೋಪಿ ತೆಗೆಯುತ್ತಾರೆ, ಆಮೇಲೆ ಜ್ಯಾಮ್ ಕೊಳ್ಳುತ್ತಾರೆ. ಸತ್ತವರಿಗೂ ಒಳ್ಳೆಯದು, ನನಗೂ ಒಳ್ಳೆಯದು ಎಂದುಕೊಂಡೆ. ಕೇಳಿದವರಿಗೆಲ್ಲ ನೆಲ ತೋರಿಸಿ, ಗಣಿಯ ಬಾಯಿ ಇಲ್ಲೇ ಇತ್ತು ಅನ್ನುತ್ತಿದ್ದೆ. ಎಂಟನೇ ತರಗತಿಗೇ ಶಾಲೆ ಬಿಟ್ಟವನು ಪ್ರೊಫೆಸರ್ ಆಗಿಬಿಟ್ಟಿದ್ದೆ.

ಮೊನ್ನೆ ಭಾನುವಾರ, ಸಮಾಧಿಗಳಿಗೆ ಹೂ ಇಡುವ ದಿನ, ಓಹಾಯೊದಿಂದ ಒಂದು ಕಾರು ಬಂತು. ಓಮಾ ಕಾಡಿಲ್ ಅಂತ, ಎಂಬತ್ತರ ಮುದುಕಿ, ಜೊತೆಗೆ ಮೊಮ್ಮಗಳು. ಫಲಕದಲ್ಲಿ ಆಕೆಯ ಅಪ್ಪನ ಹೆಸರಿದೆ. ಅವನು ಸತ್ತಾಗ ಈಕೆ ಹೊಟ್ಟೆಯಲ್ಲಿದ್ದಳಂತೆ. ತಾಯಿ ಕಣಿವೆ ಬಿಟ್ಟು ಹೋದವಳು ತಿರುಗಿ ಬರಲಿಲ್ಲ. ಸಾಯುವಾಗ ಮಾತ್ರ, ಅವನಿರುವ ಕಡೆಯ ಮಣ್ಣು ತಂದು ನನ್ನ ಜೊತೆ ಸೇರಿಸು ಎಂದಿದ್ದಳಂತೆ. ಜಾಗ ಯಾವುದೆಂದು ಈಕೆಗೆ ಗೊತ್ತಾದದ್ದೇ ನಿನ್ನ ಫಲಕದಿಂದ.

"ಇಲ್ಲೇನಾ ತಮ್ಮಾ? ಸರಿಯಾಗಿ ಇಲ್ಲೇನಾ?" ಅಂತ ಕೇಳಿದಳು.

ಅಂಗಡಿಯ ಮುಂದೆ ಗಿರಾಕಿಗಳಿದ್ದರು. ಆಗಷ್ಟೇ ಅವರಿಗೆ ನನ್ನ ಪುರಾಣ ಹೇಳಿ ಮುಗಿಸಿದ್ದೆ.

"ಇಲ್ಲೇ ಅಕ್ಕಾ, ನಿಮ್ಮ ಕಾಲ್ ಕೆಳಗೇನೇ," ಅಂದೆ.

ಆಕೆ ನೆಲದ ಮೇಲೆ ಕೂತಳು. ಅಪ್ಪನ ಹತ್ತಿರ ಮಾತಾಡಿದಳು: ತಾನು ಯಾರನ್ನು ಮದುವೆಯಾದೆ, ಮಕ್ಕಳೇನು ಮಾಡುತ್ತಿದ್ದಾರೆ, ಯಾವ ಮಗ ಕುಡಿತ ಬಿಟ್ಟ, ಎಲ್ಲ ಒಪ್ಪಿಸಿದಳು. ಕಾಫಿ ಡಬ್ಬಿಯಲ್ಲಿ ಮಣ್ಣು ತೆಗೆದುಕೊಂಡಳು. ಹೊರಡುವಾಗ ನನ್ನ ಎರಡೂ ಕೈ ಹಿಡಿದುಕೊಂಡು, "ಇಷ್ಟ್ ವರ್ಷ ನಮ್ಮಪ್ಪನ್ನ ನೀನು ನೋಡ್ಕೊಂಡೆಯಲ್ಲಪ್ಪಾ. ನಮ್ಮೋರು ಯಾರೂ ಇಲ್ಲ ಅಂದ್ಕೊಂಡಿದ್ದೆ," ಅಂದಳು.

ಅದರಲ್ಲೇನಿದೆ ಬಿಡಿ ಅಂದೆ. ಟ್ವೈಲಾ, ಹಾಗೇ ಅಂದೆ.

ಅದು ನಮ್ಮ ಕಣಿವೆಯ ಮಣ್ಣೂ ಅಲ್ಲ. ಕಾರು ನಿಲ್ಲಿಸಲು ಜಾಗವಾಗಲೆಂದು ಹೋದ ವರ್ಷ ಲಾರಿಯಲ್ಲಿ ತರಿಸಿ ಸುರಿದದ್ದು. ಪಕ್ಕದ ಕೌಂಟಿಯಲ್ಲಿ ಯಾವುದೋ ದೊಡ್ಡ ಅಂಗಡಿಗೆ ಪಾಯ ತೋಡಿದಾಗ ಸಿಕ್ಕ ಪುಕ್ಕಟೆ ಮಣ್ಣು. ಬರುವ ಶನಿವಾರ ಅದನ್ನು ತಾಯಿಯ ಸಮಾಧಿಗೆ ಹಾಕುತ್ತಾರೆ, ಪಾದ್ರಿಯನ್ನೂ ಕರೆದಿದ್ದಾರೆ. ಮೊಮ್ಮಗಳು ಜ್ಯಾಮ್ ಕಳಿಸಲು ವಿಳಾಸ ಕೊಟ್ಟು ಹೋಗಿದ್ದಾಳೆ.

ನಿನ್ನೆ ಅಂಗಡಿ ತೆರೆಯಲಿಲ್ಲ. ಫಲಕವನ್ನು ಹಳೇ ಜಾಗಕ್ಕೇ ಒಯ್ದು ನೆಟ್ಟು, ಪೊದೆ ಕಡಿದು ದಾರಿ ಮಾಡಿದೆ. ಅಲ್ಲಿಯ ಮಣ್ಣು ಕಪ್ಪಗಿದೆ, ಮುಟ್ಟಿದರೆ ಕೈಗೆ ಮಸಿ ಹತ್ತುತ್ತದೆ. ಒಂದು ಡಬ್ಬಿ ತುಂಬಿ ಈ ಕಾಗದದ ಜೊತೆಗೇ ಕಳಿಸುತ್ತಿದ್ದೇನೆ. ನೀನು ಸಂಘದ ಹೆಸರಿನಲ್ಲಿ ಆಕೆಗೆ ನಾಲ್ಕು ಸಾಲು ಬರೆ: ರಸ್ತೆಯವರು ಫಲಕವನ್ನು ತಪ್ಪು ಜಾಗದಲ್ಲಿ ನೆಟ್ಟಿದ್ದರು, ಸರಿಯಾದ ಮಣ್ಣು ಇದು ಅಂತ. ನನ್ನ ಹೆಸರೆತ್ತಬೇಡ. ಓದಿದವಳು, ನೀನು ಹೇಳಿದರೆ ನಂಬುತ್ತಾರೆ. ಆಕೆಯ ಪಾಲಿಗಾದರೂ ನಾನು ಒಳ್ಳೆಯವನಾಗಿರಲಿ.

ನಿನ್ನ ಮಾಮ,
ಡೆಲ್ಮರ್

ತಾ.ಕ.: ಅಂಚೆ ಕಚೇರಿಯ ಬಾಗಿಲವರೆಗೂ ಬಂದು ನಿಂತಿದ್ದೇನೆ. ಓಮಾ ಮಣ್ಣು ತೆಗೆದುಕೊಂಡಳು ಎಂದು ಬರೆದೆನಲ್ಲ, ಅದು ಸುಳ್ಳು. ಆ ವಯಸ್ಸಿಗೆ ಆಕೆಗೆ ಸಲಿಕೆ ಹಿಡಿಯಲಾಗಲಿಲ್ಲ. ಅಗೆದು ತುಂಬಿಸಿದವನು ನಾನು. "ಸಾಕಾ ಅಕ್ಕಾ, ಇನ್ನೊಂಚೂರು ಹಾಕ್ಲಾ?" ಅಂತಲೂ ಕೇಳಿದೆ. ನೀನು ಆಕೆಗೆ ಏನೂ ಬರೆಯಬೇಡ. ಕಾಗದವೊಂದನ್ನೇ ಕಳಿಸುತ್ತೇನೆ, ಡಬ್ಬಿ ನನ್ನ ಹತ್ತಿರವೇ ಇರಲಿ. ಶುಕ್ರವಾರ ಕಾರು ತೆಗೆದುಕೊಂಡು ಬಾ, ಓಹಾಯೊಗೆ ಹೋಗೋಣ. ನಾನು ಆಕೆಗೆ ಹೇಳುವಾಗ ಮಾತ್ರ ನೀನು ಕಾರಿನಲ್ಲೇ ಕೂತಿರು.