ಗುರುವಾರದ ಹಳದಿ ಕೋಟು

ಚೊಂಗ್‌ಜು, ದಕ್ಷಿಣ ಕೊರಿಯಾ
18 ನವೆಂಬರ್ 2018, ಭಾನುವಾರ

ದಾಉನ್‌ಳ ಅಪ್ಪನಿಗೆ,

ನಿಮ್ಮ ಕಾಗದ, ಅದರೊಳಗಿನ ಕರಾರು ಪತ್ರ ಎರಡೂ ಸೋಮವಾರವೇ ಕೈಸೇರಿದವು. ಉತ್ತರ ಬರೆಯಲು ಆರು ದಿನ ಬೇಕಾಯಿತು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಊಟ ಆಯ್ತಾ, ಚಳಿ ಜಾಸ್ತಿನಾ ಎಂಬಲ್ಲಿಗೆ ಮಾತು ಮುಗಿಸಿಬಿಡುತ್ತೇವೆ.

ಏಪ್ರಿಲ್‌ನಲ್ಲೇ ಶೆನ್ಯಾಂಗ್‌ನ ವಿಮಾನ ಕಂಪನಿ ಬಿಟ್ಟು ಕುನ್ಮಿಂಗ್‌ನ ಕಂಪನಿ ಸೇರಿದೆ, ಹೇಳಲು ಧೈರ್ಯವಾಗಲಿಲ್ಲ, ಕ್ಷಮಿಸು ಎಂದು ಬರೆದಿದ್ದೀರಿ. ಅನುಭವವಿರುವ ಕ್ಯಾಪ್ಟನ್‌ಗಳು ಸಿಗದೆ ಚೀನಾದ ಕಂಪನಿಗಳು ಒಂದರ ಮೇಲೊಂದು ಬಿದ್ದು ಕರೆಯುತ್ತಿವೆಯಂತೆ. ಈಗ ಐದು ವರ್ಷದ ಕರಾರು. ಜನ ನಡುವೆಯೇ ಬಿಟ್ಟು ಇನ್ನೊಂದು ಕಂಪನಿಗೆ ಹಾರುತ್ತಾರೆಂದು, ಸಹಿಯ ಬದಲು ಒತ್ತುವ ಹೆಂಡತಿಯ ಮುದ್ರೆಯೂ ಬೇಕಂತೆ. ಐವತ್ನಾಲ್ಕನೇ ವಯಸ್ಸಿನಲ್ಲಿ ನಿಮಗೆ ಇಷ್ಟು ಬೇಡಿಕೆ ಬಂದದ್ದು ನೋಡಿ ನನಗೆ ನಗು ಬಂತು. ಮದುವೆಗೆ ಮುಂಚೆ ಇದೇ ಮುಖವನ್ನು ನಮ್ಮಪ್ಪನಿಗೆ ಒಪ್ಪಿಸಲು ನಾನು ಎಷ್ಟು ಒದ್ದಾಡಿದ್ದೆ!

ಕ್ಷಮಿಸುವ ಮಾತು ಆಮೇಲೆ. ಮೊದಲು ಒಂದು ಹೇಳಿಬಿಡುತ್ತೇನೆ. ನನಗೆ ಇದು ಏಪ್ರಿಲ್‌ನಲ್ಲೇ ಗೊತ್ತಿತ್ತು.

ಎರಡು ವರ್ಷ ಪ್ರತಿ ಗುರುವಾರ ನೀವು ಶೆನ್ಯಾಂಗ್‌ನಿಂದ ನಮ್ಮೂರಿಗೆ ವಿಮಾನ ತರುತ್ತಿದ್ದಿರಿ. ನಿಲ್ದಾಣದಿಂದ ಮನೆಗೆ ಇಪ್ಪತ್ತು ನಿಮಿಷದ ದಾರಿ. ಆದರೆ ಒಂದು ಗಂಟೆಯಲ್ಲಿ ಅದೇ ವಿಮಾನವನ್ನು ವಾಪಸು ಒಯ್ಯಬೇಕಾದವರು ನಿಲ್ದಾಣದಿಂದ ಹೊರಗೆ ಬರುವ ಹಾಗಿಲ್ಲ. ಅದಕ್ಕೆ ನೀವೇ ಉಪಾಯ ಹುಡುಕಿದಿರಿ. ಹೊರಡುವ ಮುಂಚೆ ವಿಮಾನದ ಸುತ್ತ ನಡೆದು ಚಕ್ರ, ರೆಕ್ಕೆ ನೋಡುವ ಕೆಲಸವನ್ನು ಕಿರಿಯರಿಗೆ ಬಿಡದೆ ನೀವೇ ಮಾಡುವುದು, ಮುಂದಿನ ಚಕ್ರದ ಹತ್ತಿರ ನಿಂತು ಟೋಪಿ ತೆಗೆದು ಬೀಸುವುದು. ನಾನು ನಿಲ್ದಾಣದ ಎರಡನೇ ಮಹಡಿಯ ಗಾಜಿನ ಹಿಂದೆ, ಸೆಖೆಯಲ್ಲೂ ಹಳದಿ ಕೋಟು ಹಾಕಿಕೊಂಡು ಕೈ ಬೀಸುವುದು. ಮುಖ ಕಾಣುವಷ್ಟು ಹತ್ತಿರವಲ್ಲ. ಆದರೂ ಆ ದಿನ ನನಗೆ ಹಬ್ಬ.

ಏಪ್ರಿಲ್‌ನ ಮೂರನೇ ಗುರುವಾರ ಅದೇ ಸಮವಸ್ತ್ರ, ಅದೇ ಸುತ್ತು. ಮುಂದಿನ ಚಕ್ರದ ಹತ್ತಿರ ನಿಂತು ಟೋಪಿಯನ್ನೂ ತೆಗೆದದ್ದಾಯಿತು. ನೋಡಿದರೆ ತಲೆ ತುಂಬ ಕೂದಲು! ನಿಮ್ಮ ಜಾಗಕ್ಕೆ ಬಂದವನಿಗೆ ಎಲ್ಲಿ ನಿಲ್ಲಬೇಕು, ಯಾರಿಗೆ ಬೀಸಬೇಕು ಎಂದೆಲ್ಲ ಹೇಳಿಕೊಟ್ಟ ನೀವು, ನಿಮ್ಮ ತಲೆ ಬೋಳು ಎಂಬುದೊಂದನ್ನು ಮರೆತಿದ್ದಿರಿ. ಪಕ್ಕದ ನೂಡಲ್ ಅಂಗಡಿಯ ಹೆಂಗಸು ನನ್ನ ಜೊತೆಗೇ ನೋಡುತ್ತಿದ್ದಳು. “ಏನಕ್ಕಾ, ಯಜಮಾನ್ರಿಗೆ ಒಂದೇ ವಾರದಲ್ಲಿ ಇಷ್ಟು ಕೂದಲು ಬಂದ್ಬಿಡ್ತಾ? ಯಾವ ಎಣ್ಣೆ ಹಚ್ಚಿದ್ರು ಕೇಳಿ, ನಮ್ಮನೆಯವ್ರಿಗೂ ತರ್ಸೋಣ” ಎಂದಳು. ನಾನೂ ನಕ್ಕೆ. ಬಸ್ಸಿನಲ್ಲಿ ಕೂತ ಮೇಲೆ ಅತ್ತೆ.

ಅವತ್ತು ಸಂಜೆ ನೀವು ಫೋನ್ ಮಾಡಿ, “ಇವತ್ತು ನಿನ್ನ ಹಳದಿ ಕೋಟು ಎದ್ದು ಕಾಣ್ತಿತ್ತು ಕಣೇ” ಎಂದಿರಿ. ನಾನು ಹೂಂ ಅಂದೆ. ನೀವಾಗಿಯೇ ಹೇಳುತ್ತೀರೆಂದು ಕಾದೆ. ಆಮೇಲೆ ಪ್ರತಿ ಗುರುವಾರ ಅದೇ ಮಾತು. ಅವನು ವಾರವಾರ ನಿಮಗೆ ವರದಿ ಒಪ್ಪಿಸುತ್ತಿದ್ದನೆಂದು ಈಗ ಬರೆದಿದ್ದೀರಿ. ಸೆಪ್ಟೆಂಬರ್‌ನಲ್ಲಿ ಅವನನ್ನೂ ಯಾರೋ ಹೆಚ್ಚು ಸಂಬಳ ಕೊಟ್ಟು ಸೆಳೆದರಂತೆ, ಹೋಗುವಾಗ ನನಗೆ ಟೋಪಿ ಬೀಸುವ ಕೆಲಸವನ್ನು ಮುಂದಿನವನಿಗೆ ವಹಿಸಿ ಹೋದನಂತೆ. ಅದೂ ನನಗೆ ಗೊತ್ತು. ಈಗಿನವನು ಕುಳ್ಳ.

ಗೊತ್ತಿದ್ದೂ ಯಾಕೆ ಹೋಗುತ್ತಿದ್ದೆ ಎಂದು ಕೇಳುತ್ತೀರಿ. ಮಗಳು ದಾಉನ್ ಮದುವೆಯಾಗಿ ಬುಸಾನ್ ಸೇರಿದ ಮೇಲೆ ಈ ಮನೆಯಲ್ಲಿ ಮಾತಾಡುವುದು ಅನ್ನದ ಕುಕ್ಕರ್ ಒಂದೇ. ಅನ್ನ ಆಯಿತು, ಚೆನ್ನಾಗಿ ಕಲಸಿ ಎಂದು ಅದರೊಳಗಿನ ಹೆಣ್ಣುದನಿ ಹೇಳುತ್ತದೆ. ನಾನು ಆಯ್ತಮ್ಮ ಎನ್ನುತ್ತೇನೆ. ವಾರಕ್ಕೊಮ್ಮೆ ಯಾರೋ ಒಬ್ಬರು ನನಗೆಂದೇ ಟೋಪಿ ತೆಗೆಯುತ್ತಾರಲ್ಲ, ಅದಕ್ಕೆ ಹೋಗುತ್ತಿದ್ದೆ. ನನಗೆ ಈ ಒಂಟಿತನ ತಡೆಯಲಾಗುತ್ತಿಲ್ಲ. ಇದನ್ನು ನಿಮಗೆ ಎಂದೂ ಹೇಳಿರಲಿಲ್ಲ, ಈಗ ಹೇಳಿದ್ದೇನೆ.

ಕರಾರು ಪತ್ರವನ್ನು ವಾಪಸು ಕಳಿಸುತ್ತಿಲ್ಲ. ಹರಿದೂ ಹಾಕಿಲ್ಲ. ಟೀವಿಯ ಕೆಳಗಿನ ಡ್ರಾಯರ್‌ನಲ್ಲಿ ನನ್ನ ಹೆಸರಿನ ಮುದ್ರೆಯ ಪಕ್ಕದಲ್ಲೇ ಇಟ್ಟಿದ್ದೇನೆ. ಬೇಕೆಂದರೆ ಬಂದು ನೀವೇ ಒತ್ತಿಕೊಂಡು ಹೋಗಿ, ನಾನು ಅಡ್ಡ ಬರುವುದಿಲ್ಲ. ಆದರೆ ನನ್ನ ಮುಖ ನೋಡಿ ಒತ್ತಿ.

ಈ ವರ್ಷದ ಕಿಮ್ಚಿ ಉಪ್ಪಿನಕಾಯಿಯನ್ನು ನನ್ನ ತಂಗಿಯೇ ಬಂದು ಹಾಕಿದಳು. ನನಗೆ ಸ್ವಲ್ಪ ಸುಸ್ತು, ಅಷ್ಟೇ. ಉಪ್ಪು ಜಾಸ್ತಿಯಾಗಿದೆ, ನೀವು ಬರುವ ಹೊತ್ತಿಗೆ ಹದಕ್ಕೆ ಬಂದರೂ ಬಂದೀತು.

ನಿಮ್ಮ ದಾರಿ ನೋಡುವ,
ಹ್ಯೇಸುಕ್

ತಾ.ಕ.: ಮುಚ್ಚಿಟ್ಟದ್ದು ನೀವೊಬ್ಬರೇ ಅಲ್ಲ. ಕಳೆದ ಮೂರು ಗುರುವಾರ ಗಾಜಿನ ಹಿಂದೆ ನಿಂತದ್ದು ನಾನಲ್ಲ, ನನ್ನ ಕೋಟು ಹಾಕಿಕೊಂಡ ತಂಗಿ. ನಾನು ಕಾಣದಿದ್ದರೆ ನಿಮಗೆ ಗಾಬರಿಯಾಗುತ್ತದೆಂದು ನಾನೇ ಅವಳನ್ನು ಕಳಿಸಿದ್ದೆ. “ಭಾವನ ವೇಷದವನಿಗೆ ಅಕ್ಕನ ವೇಷದವಳು ಜೋಡಿ, ಚೆನ್ನಾಗಿದೆ ನಿಮ್ಮಿಬ್ರ ಸಂಸಾರ” ಎಂದು ಬೈದುಕೊಂಡೇ ಹೋಗುತ್ತಿದ್ದಳು. ನಾನು ಆಸ್ಪತ್ರೆಯಲ್ಲಿದ್ದೆ, ನಿಮ್ಮ ಕಾಗದವನ್ನೂ ಅವಳೇ ಅಲ್ಲಿಗೆ ತಂದುಕೊಟ್ಟಳು. ಹೊಟ್ಟೆಯಲ್ಲಿ ಗಡ್ಡೆ ಇತ್ತು, ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ನಿನ್ನೆ ಮನೆಗೆ ಬಂದೆ. ಬರುವ ಗುರುವಾರ ಫಲಿತಾಂಶ ಹೇಳುತ್ತಾರೆ. ಆಪರೇಷನ್ ಕಾಗದದಲ್ಲಿ ನಿಮ್ಮ ಸಹಿ ಇರಬೇಕಾದ ಕಡೆ ತಂಗಿಯೇ ಸಹಿ ಹಾಕಿದಳು, ಹಾಕಿ ನೇರ ವಿಮಾನ ನಿಲ್ದಾಣಕ್ಕೆ ಓಡಿದಳು. ಅವತ್ತು ಸಂಜೆ ನಿಮ್ಮ ಫೋನ್ ಬಂದಾಗ ನನ್ನ ಮೂಗಿನಲ್ಲಿ ನಳಿಕೆ ಇತ್ತು. ನನ್ನ ಹಳದಿ ಕೋಟು ಎದ್ದು ಕಾಣುತ್ತಿತ್ತು ಎಂದಿರಿ. ನಾನು ಹೂಂ ಅಂದೆ.