ಕಟಿಂಗ್ ಮೇಜಿನ ಮೇಲಿನ ಫ್ಯಾನು

ಅಕ್ಕಾ,

ಗಾರ್ಮೆಂಟ್ಸಿನ ಕಟಿಂಗ್ ವಿಭಾಗದಲ್ಲಿ ನಿಮ್ಮ ಕೈಕೆಳಗೆ ಬಟ್ಟೆ ಹಾಸುತ್ತಿದ್ದವಳು ನಾನು, ನೀವು ಬಾಯಿಬಡುಕಿ ಎನ್ನುತ್ತಿದ್ದ ಹುಡುಗಿ. ಇಪ್ಪತ್ತು ವರ್ಷವಾಯಿತು. ನಿಮ್ಮ ಮೇಜು ಈಗ ನನ್ನದು. ವಿಳಾಸ ಹಳೆಯ ಫೈಲಿನಲ್ಲಿ ಸಿಕ್ಕಿತು.

ನಿಯಮ ನಿಮಗೆ ಗೊತ್ತೇ ಇದೆ. ಅರವತ್ತು ಪದರ ಬಟ್ಟೆ ಹಾಸಿದ ಮೇಲೆ ಫ್ಯಾನ್ ಹಾಕುವ ಹಾಗಿಲ್ಲ. ಗಾಳಿಗೆ ಒಳಪದರ ಸರಿದು ಅಳತೆ ಕೆಡುತ್ತದೆ. ಆ ದಿನ ನೀವು ಹಾಕಿದಿರಿ, ಅಂಗಿಯ ತೋಳುಗಳೆಲ್ಲ ಗಿಡ್ಡ ಬಂದವು. ಮ್ಯಾನೇಜರ್ ಕೇಳಿದಾಗ ನೀವು ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಂಡಿರಿ. "ಅಕ್ಕಾನೇ ಹಾಕಿದ್ದು ಸಾರ್, ದಿನಾ ಹಾಕ್ತಾರೆ" ಅಂದವಳು ನಾನು. ದಿನಾ ಅನ್ನುವುದು ಸುಳ್ಳು. ನಿಮ್ಮ ಮೇಜಿನ ಮೇಲೆ ನನಗೆ ಕಣ್ಣಿತ್ತು. ನಿಮ್ಮನ್ನು ಗುಂಡಿ ಎಣಿಸುವ ಕೋಣೆಗೆ ಹಾಕಿದರು, ತಿಂಗಳೊಳಗೆ ಕೆಲಸ ಬಿಟ್ಟಿರಿ. ಹೋಗುವಾಗ "ನಿಂಗೂ ಐವತ್ತಾಗುತ್ತೆ ಕಣೇ" ಅಂದಿರಿ. ನಾನು ನಕ್ಕಿದ್ದೆ.

ಐವತ್ತಾಯಿತು. ಮುಟ್ಟು ತಪ್ಪಿ ಎಂಟು ತಿಂಗಳು. ಎದೆಯಿಂದ ಕಾವು ಏರಿ ಮುಖ, ಕಿವಿ ಧಗಧಗ ಅನ್ನುತ್ತದೆ, ಬೆನ್ನು ತೊಯ್ಯುತ್ತದೆ, ಎರಡು ನಿಮಿಷಕ್ಕೆ ಚಳಿ. ಕೈಯಲ್ಲಿ ಓಡುವ ಬ್ಲೇಡು ಬೇರೆ. ಮಂಗಳವಾರ ಊಟದ ಬಿಡುವಿನಲ್ಲಿ ಯಾರೂ ಇರಲಿಲ್ಲ, ಫ್ಯಾನ್ ಹಾಕಿದೆ. ಅಬ್ಬಾ, ಎಂಥ ಸುಖ! ಆಮೇಲೆ ಅಂಚು ಸರಿಮಾಡಿ ಕತ್ತರಿಸಿದೆ. ಅರವತ್ತು ಜೊತೆ ತೋಳು ಹಾಳು.

ಸುಮ್ಮನಿದ್ದರೆ ಬಟ್ಟೆ ಹಾಸಿದವಳ ತಲೆಗೆ ಬರುತ್ತಿತ್ತು. ತಪ್ಪಿನ ಪುಸ್ತಕ ತೆಗೆದು ಕಾರಣ ಎಂಬಲ್ಲಿ ಬರೆದೆ: 'ಫ್ಯಾನ್ ಹಾಕಿದ್ದು ನಾನು. ಮುಟ್ಟು ನಿಲ್ಲುತ್ತಿದೆ, ಸೆಕೆ ತಡೆಯಲಾಗಲಿಲ್ಲ.' ಈಗಿನ ಮ್ಯಾನೇಜರ್ ಇನ್ನೂ ಎಳೆಯ, ಓದಿ ಅವನ ಕಿವಿ ಕೆಂಪಾಯಿತು. "ಇದನ್ನೆಲ್ಲ ಬರೀತಾರೇನಮ್ಮಾ?"

"ಬರೀದಿದ್ರೆ ನಿಮಗೆ ಹೇಗ್ ಗೊತ್ತಾಗ್ಬೇಕು ಸಾರ್? ಸೆಕೆ ಬಂದಾಗ ಹತ್ತು ನಿಮಿಷ ಆಚೆ ಬಿಡಿ, ಇಲ್ಲಾ ಗುಂಡಿ ಕೋಣೆಗೆ ಕಳ್ಸಿ" ಅಂದೆ. ಸೋಮವಾರ ಹೇಳುತ್ತಾನಂತೆ. ಮೇಜು ಹೋಗುತ್ತದೇನೋ ಅಂತ ಹೆದರಿಕೆ ಇದೆ, ಇಲ್ಲ ಅನ್ನುವುದಿಲ್ಲ.

ಇನ್ನೊಂದು ಕೆಲಸ ಮಾಡಿದ್ದೇನೆ. ಬೀರುವಿನ ತಳದಲ್ಲಿ ಆ ವರ್ಷದ ಪುಸ್ತಕ ಇನ್ನೂ ಇತ್ತು. ನಿಮ್ಮ ಹೆಸರಿನ ಮುಂದೆ 'ಅಜಾಗರೂಕತೆ, ದಿನನಿತ್ಯದ ಅಭ್ಯಾಸ' ಎಂದಿತ್ತು. ಸಾಕ್ಷಿ ಎಂಬಲ್ಲಿ ನನ್ನ ಸಹಿ. ಆ ಸಾಲು ಹೊಡೆದುಹಾಕಿ ಪಕ್ಕದಲ್ಲಿ ಬರೆದೆ: 'ನಾನು ಸುಳ್ಳು ಹೇಳಿದೆ. ಫ್ಯಾನ್ ಹಾಕಿದ್ದು ಒಂದೇ ದಿನ. ಅಕ್ಕನಿಗೆ ಸೆಕೆಯಾಗಿತ್ತು.' ಕೆಳಗೆ ಮತ್ತೆ ಸಹಿ ಮಾಡಿ, ಇವತ್ತಿನ ತಾರೀಖು ಹಾಕಿದೆ.

ಕ್ಷಮಿಸಿ ಅನ್ನಲು ನನಗೆ ಮುಖವಿಲ್ಲ. ಎಲ್ಲಿದ್ದರೂ ಫ್ಯಾನ್ ಕೆಳಗೆ ತಣ್ಣಗಿರಿ.

ನಿಮ್ಮ
ಬಾಯಿಬಡುಕಿ